ನೇರಳೆ ತಲೆಯ ಗಿಳಿಗಳನ್ನು ನೋಡಲು ಹೋದದ್ದು

ಹರಪನಹಳ್ಳಿಯಿಂದ ಬೆಳಗಿನ ಆರರ ಬಸ್ಸಿಗೆ ಹೊರಟೆ. ಕೂಡ್ಲಿಗಿಯಾಚೆಯ ಗುಡ್ಡಕ್ಕೆ ನೇರಳೆ ಹಣ್ಣಿನ ಬಣ್ಣದ ತಲೆಯ ಗಿಳಿಗಳು ಬಂದಿವೆ ಎಂದು ಕುರಿ ಕಾಯುವ ಗೆಳೆಯ ಕೆಂಚಪ್ಪ ಫೋನ್ ಮಾಡಿದ್ದ. ಎಪ್ಪತ್ತೆರಡು ವರ್ಷದಲ್ಲಿ ನಾನು ಕಾಣದ ಗಿಳಿಯೇ? ಅವನ ಸುಳ್ಳು ಹಿಡಿಯಲೆಂದೇ ಹೊರಟಿದ್ದೆ.

"ಸೀರಿ ಉಟ್ಕೊಂಡು ಬಂದಿದ್ರ ಟಿಕೀಟು ಉಳೀತಿತ್ತವ್ವಾ," ಎಂದೆ ಕಂಡಕ್ಟರಮ್ಮನಿಗೆ.

"ಮೊದ್ಲು ಮೀಸಿ ಬೋಳಿಸ್ರಿ ಯಜಮಾನ್ರ," ಎಂದು ಚೀಟಿ ಹರಿದಳು.

ಕೊಟ್ಟೂರಿನಲ್ಲಿ ಮಂಡಕ್ಕಿ, ಮಿರ್ಚಿ ತಿಂದು ಬಸ್ಸು ಬದಲಿಸಿದೆ. ಕೂಡ್ಲಿಗಿಯಿಂದ ಆಟೋ, ಆಮೇಲೆ ಅರ್ಧ ತಾಸು ಕಾಲ್ನಡಿಗೆ. ಶೀತದಿಂದ ಗಂಟಲು ಕಟ್ಟಿದ್ದ ಕೆಂಚಪ್ಪ ಬಂಡೆಯೊಂದರ ಮರೆಯಲ್ಲಿ ಕೂರಿಸಿದ. ಎದುರಿಗೆ ಹೂಬಿಟ್ಟ ಮುತ್ತುಗದ ಮರ, ಹಿಂದಿನ ಇಳಿಜಾರಿನಲ್ಲಿ ಮೇಯುತ್ತಿದ್ದ ಅವನ ಕುರಿಗಳು.

ಮೊದಲು ಸದ್ದು ಬಂತು. ಹಿಂದೆಯೇ ಐವತ್ತು ಗಿಳಿಗಳು ಒಟ್ಟಿಗೆ ಇಳಿದವು. ಗಂಡಿನ ತಲೆ ಥೇಟ್ ನೇರಳೆ, ಕೊರಳಿಗೆ ಕರಿದಾರ, ಬಾಲದ ತುದಿ ಸುಣ್ಣದಲ್ಲಿ ಅದ್ದಿದಂತೆ. ಕೆಂಪು ಹೂವಿನಲ್ಲಿ ಅವು ತಲೆ ಕೆಳಗಾಗಿ ಜೋತಾಡಿದವು.

"ಬಾಯಿ ಮುಚ್ಚಲೇ, ನೊಣ ಹೊಕ್ಕೀತು," ಎಂದ ಕೆಂಚಪ್ಪ.

ಅಷ್ಟರಲ್ಲಿ ಮರದ ಕೆಳಗಿನಿಂದ ಇನ್ನೊಂದು ಗಿಳಿ ಕೂಗಿತು. ಪೊದೆಯೊಳಗೆ ಪಂಜರ. ಮುಂದೆ ಹಾಸಿದ ಬಲೆ, ಅದರ ಮೇಲೆ ಚೆಲ್ಲಿದ ಜೋಳ. ಆಚೆ ಬಂಡೆಯ ಹಿಂದೆ ಹಗ್ಗ ಹಿಡಿದು ಕೂತವನ ರುಮಾಲು ಕಂಡಿತು.

"ಪಂಜರದ್ದು ಕರಿತೈತಿ, ಇವು ಇಳೀತಾವ. ಆಮ್ಯಾಲ ಎಲ್ಲಾ ಸಂತಿಪಾಲು," ಎಂದು ಕೆಂಚಪ್ಪ ಪಿಸುಗುಟ್ಟಿದ.

ಗಿಳಿಗಳು ಕೊಂಬೆಯಿಂದ ಕೊಂಬೆಗೆ ಇಳಿಯುತ್ತಿದ್ದವು. ಬರೀ ಕೂಗಿ ಓಡಿಸಿದರೆ ನಾಳೆ ಮತ್ತೆ ಬಲೆ ಹಾಸುತ್ತಾನೆ. ಬಲೆಯೇ ಉಳಿಯಬಾರದು. ಕುರಿಗಳನ್ನು ನೀರಿಗೆ ಕರೆಯುವ ಕೆಂಚಪ್ಪನ ಕೂಗನ್ನು ನಾನು ಅವನಿಗಿಂತ ಚೆನ್ನಾಗಿ ಕೂಗುತ್ತೇನೆ. ಬಗ್ಗಿ ಓಡಿ ಬಲೆಯ ಆಚೆ ನಿಂತು ಕೂಗಿದೆ. ಇನ್ನೂರು ಕುರಿ ಇಳಿಜಾರಿನಿಂದ ನುಗ್ಗಿ ಬಂದವು. ಬಲೆ ಚಿಂದಿಯಾಯಿತು. ಗಿಳಿಗಳು ಒಮ್ಮೆಲೇ ಎದ್ದಾಗ ಮರವೇ ಹಾರಿಹೋದಂತಾಯಿತು.

"ಏನ್ ಯಜಮಾನ, ಕುರಿ ತಡಿಯಾಕ ಬರಂಗಿಲ್ಲೇನು?" ಎಂದು ಬಲೆಯವನು ಎದ್ದು ಬಂದ.

"ಕುರಿ ಕಾನೂನು ಓದಿಲ್ಲಪ್ಪ. ಗಿಳಿ ಹಿಡದ್ರ ಜೈಲು ಅಂತ ನೀನಾರ ಓದೀಯೇನು? ಆ ಪಂಜರ ಇಲ್ಲೇ ಇಟ್ಟು ಹೋಗು," ಎಂದೆ.

ಅವನು ಪಂಜರವನ್ನು ಬಂಡೆಯ ಹಿಂದೆ ನಿಲ್ಲಿಸಿದ್ದ ಬೈಕಿಗೆ ಕಟ್ಟಿ ಹೊರಟೇಬಿಟ್ಟ. ನಮ್ಮ ಮುದಿ ಕಾಲುಗಳಿಗೆ ಅವನು ಸಿಗಲಿಲ್ಲ. ಬೈಕಿನ ಸದ್ದಿನೊಳಗೂ ಆ ಗಿಳಿ ಕೂಗುತ್ತಿತ್ತು. ಗುಡ್ಡದ ಮೇಲಿಂದ ಇಡೀ ಹಿಂಡು ಅದಕ್ಕೆ ಉತ್ತರ ಕೊಡುತ್ತಿತ್ತು. ಹಿಂಡಿನಿಂದ ಒಂದು ನೇರಳೆ ತಲೆ ಎದ್ದು ಬೈಕು ಹೋದ ದಾರಿಯ ಮೇಲೆಯೇ ಹಾರಿತು.

ಸಂಜೆ ನಾನು ಗುಡ್ಡ ಇಳಿದು ಹಿಂತಿರುಗಿ ನೋಡಿದಾಗಲೂ ಅದು ವಾಪಸು ಬಂದಿರಲಿಲ್ಲ.