ಬೆಳ್ಳಗೆ ಒಣಗಿದ ಧೋತರ

ಯಶವಂತನಗರದ ಬಳಿ ಅದಿರು ಲಾರಿಯೊಂದು ಕೆಟ್ಟು ರಸ್ತೆಗೆ ಅಡ್ಡ ನಿಂತಿತ್ತು. ನಮ್ಮ ಬಸ್ಸಿನ ಡ್ರೈವರು ಎಲ್ಲರನ್ನೂ ಬೈಯುತ್ತಿದ್ದ. ಬೇಸತ್ತು ನಾನು ಇಳಿದು ಮುಂದೆ ನಡೆದೆ. ಅದಿರು ಲಾರಿಗಳೆಲ್ಲ ಸಾಲಾಗಿ ನಿಂತು, ಅವು ಎಬ್ಬಿಸುವ ಕೆಂಪು ದೂಳು ಅಡಗಿದ್ದೇ ತಡ, ರಸ್ತೆ ಬದಿಯ ಹೆಂಗಸರು ಮನೆಯೊಳಗೆ ಒಣಹಾಕಿದ್ದ ಬಟ್ಟೆಗಳನ್ನೆಲ್ಲ ಬಿಸಿಲಿಗೆ ತಂದಿದ್ದರು.

ಅಷ್ಟರಲ್ಲಿ ದಾರಿ ತೆರವಾಯಿತು. ಅಜ್ಜಿಯೊಬ್ಬಳು ಓಡಿಬಂದು ಮೊದಲ ಲಾರಿಗೆ ಅಡ್ಡ ನಿಂತಳು.

"ತಮ್ಮಾ, ಧೋತರ ಇನ್ನಾ ಹಸಿ ಐತಿ, ಒಂಚೂರು ನಿಂದ್ರಪ್ಪಾ. ನಮ್ಮ ಯಜಮಾನ್ರು ಬೆಳ್ಳಗಿಂದು ಉಟ್ಟಿದ್ದು ನೋಡಿ ಭಾಳ ದಿನ ಆತು."

"ಆತು ಬಿಡವ್ವಾ, ಒಣಗ್ಲಿ," ಎಂದು ನಗುತ್ತಾ ಲಾರಿಯವನು ಎಂಜಿನ್ ನಿಲ್ಲಿಸಿದ. ಹಿಂದಿನ ಸಾಲೆಲ್ಲ ಕಾಯಿತು.

ಕೊನೆಗೆ ಅಜ್ಜಿ ಧೋತರವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಕೆಂಪಿನ ಒಂದು ಚುಕ್ಕೆಯೂ ಇರಲಿಲ್ಲ. ಲಾರಿಗಳೆಲ್ಲ ಚಪ್ಪಾಳೆ ತಟ್ಟಿದಂತೆ ಹಾರ್ನ್ ಹೊಡೆದವು. ಎಲ್ಲರಿಗಿಂತ ಜೋರಾಗಿ ಹೊಡೆದವನು ನಮ್ಮ ಡ್ರೈವರು.