ಬಿಗಿದ ಲಾಡಿ

ಮೊನ್ನೆ ಕಟಪಾಡಿಯ ಬಟ್ಟೆ ಅಂಗಡಿಯಲ್ಲಿ ಅಮ್ಮನಿಗೆ ಒಳಲಂಗ ಆರಿಸುತ್ತಿದ್ದೆ. ಹೊಸ ಬಟ್ಟೆಯ ಗಂಜಿ ವಾಸನೆ. ಇಳಿಬಿದ್ದ ಬಿಳಿ ಲಾಡಿಯನ್ನು ಸುಮ್ಮನೆ ಬೆರಳಿಗೆ ಸುತ್ತಿಕೊಂಡೆ... ಶಂಕರಪುರದ ನಮ್ಮ ನೆರೆಮನೆಯ ಅಕ್ಕ ನೆನಪಾದರು.

ಅಕ್ಕ ಮಲ್ಲಿಗೆ ಬೆಳೆಯುತ್ತಿದ್ದರು. ಬೆಳಗ್ಗೆ ಮೊಗ್ಗು ಕೊಯ್ದು, ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಕಟ್ಟುತ್ತಿದ್ದರು. ಗಿಡದಿಂದ ಗಿಡಕ್ಕೆ ಬಗ್ಗುವಾಗ ಸೀರೆ ಜಾರಬಾರದೆಂದು ಉಸಿರು ಎಳೆದು ಹಿಡಿದು ಲಂಗದ ಲಾಡಿ ಬಿಗಿಯುತ್ತಿದ್ದರು. ಮದುವೆಯಾದಂದಿನಿಂದ ಅದೇ ಜಾಗದಲ್ಲಿ. ಅಲ್ಲಿ ಚರ್ಮ ಕಪ್ಪಾಗಿ, ದಪ್ಪವಾಗಿ, ಹುಣ್ಣೊಂದು ಎದ್ದಿತ್ತು. ಒಣಗುತ್ತಿತ್ತು, ಮತ್ತೆ ಒಡೆಯುತ್ತಿತ್ತು. ಅವರ ಸೀರೆಗೆ ಹತ್ತಿದ ರಕ್ತ ನನ್ನ ಕಣ್ಣಿಗೆ ಬಿದ್ದ ದಿನವೇ ನಮ್ಮ ವಾದ ಶುರುವಾಯಿತು.

ನಾನಾಗ ಉಡುಪಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ಬಹುಮಾನ ಹೊತ್ತು ತರುತ್ತಿದ್ದವಳು.

"ನೈಟಿ ಹಾಕಿ ಅಕ್ಕ, ಲಾಡಿಯೇ ಬೇಡ."

"ನೈಟಿಯಲ್ಲಿ ಕೊಯ್ಯುವುದಾ? ದೇವರಿಗೆ ಹೋಗುವ ಹೂ ಮಾರಾಯ್ತಿ."

"ತೊಟ್ಟಿಗೆ ನೋವಾಗಬಾರದೂಂತ ಹೂವನ್ನು ಅಷ್ಟು ಸಡಿಲ ಕಟ್ಟುತ್ತೀರಿ. ನಿಮ್ಮ ಸೊಂಟ ಎಂತ ಪಾಪ ಮಾಡಿದೆ?"

"ಹೂ ಸಂಜೆಗೆ ಬಾಡ್ತದೆ. ನನಗೆ ಹಾಗೆ ಉಂಟಾ?"

ಜಗಲಿಯಲ್ಲಿ ಜೊತೆಗೆ ಹೂ ಕಟ್ಟುತ್ತಿದ್ದ ಹೆಂಗಸರೆಲ್ಲ ನಕ್ಕರು. ತೀರ್ಪುಗಾರರಿದ್ದರೆ ಅಂಕ ಅಕ್ಕನಿಗೇ.

ವಾಸಿಯಾಗದ ಹುಣ್ಣೆಂದರೆ ನಮ್ಮ ಕಡೆ ಮೊದಲು ನೆನಪಾಗುವುದು ನಾಗನ ದೋಷ. ಅಕ್ಕ ನಾಗನ ಕಲ್ಲಿಗೆ ಹಾಲೆರೆಸಿ ತಂಬಿಲದ ಪೂಜೆ ಕೊಟ್ಟರು, ಹುಣ್ಣಿಗೆ ಅರಸಿನ ಹಚ್ಚಿದರು, ಅದರ ಮೇಲೆಯೇ ಲಾಡಿ ಬಿಗಿದರು. ಹೆಂಗಸರಿಗೆ ಹೆಂಗಸು ಡಾಕ್ಟರೇ ಇದ್ದಾರೆ ಎಂದೆ.

"ಅವರೂ ಬಿಚ್ಚಲಿಕ್ಕೇ ಹೇಳುವುದಲ್ವಾ? ನಾಗ ಹಾಗೆಲ್ಲ ಹೇಳುವುದಿಲ್ಲ."

ಕೊನೆಗೆ ಅವರನ್ನು ಹೊರಡಿಸಿದ್ದು ನನ್ನ ವಾದವಲ್ಲ. ಒಂದು ಬೆಳಗ್ಗೆ ಹೂ ಕಟ್ಟುತ್ತಿದ್ದವರು ಥಟ್ಟನೆ ಬುಟ್ಟಿಯನ್ನು ದೂರ ಸರಿಸಿದರು. "ನನ್ನ ವಾಸನೆ ಹೂವಿಗೆ ಹತ್ತುತ್ತದೆ," ಎಂದರು. ಆ ದಿನವೇ ನನ್ನನ್ನು ಕರೆದುಕೊಂಡು ಮಣಿಪಾಲದ ಬಸ್ಸು ಹತ್ತಿದರು.

ಆಸ್ಪತ್ರೆಯಲ್ಲಿ ಚರ್ಮದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದಾಗ ಡಾಕ್ಟರಮ್ಮ ಚರ್ಮದ ಕ್ಯಾನ್ಸರ್ ಎಂದರು. ಲಾಡಿ ವರ್ಷಗಟ್ಟಲೆ ಒಂದೇ ಕಡೆ ಉಜ್ಜಿದರೆ ಹೀಗಾಗುವುದುಂಟಂತೆ. ಹುಣ್ಣು ಮಾಯದಿದ್ದಾಗಲೇ ತೋರಿಸಿದ್ದರೆ ಅಷ್ಟನ್ನು ಕತ್ತರಿಸಿ ತೆಗೆದು ಗುಣಪಡಿಸಬಹುದಿತ್ತು. ಈಗ ತೊಡೆಸಂದಿಗೂ ಹರಡಿತ್ತು.

ಹಿಂದಿರುಗುವ ಬಸ್ಸಿನಲ್ಲಿ ಸಮಾಧಾನಕ್ಕೆಂದು ಹೇಳಿದೆ: "ನಾಗದೋಷ ಅಲ್ಲಾಂತ ಆಯ್ತಲ್ಲ ಅಕ್ಕ."

ಅಕ್ಕ ಕಿಟಕಿಯ ಸರಳು ಹಿಡಿದು ಕೂತಿದ್ದರು. "ನಾಗನಾದರೆ ಬೇಡಿಕೊಳ್ಳಬಹುದಿತ್ತು. ಇದು ನಾನೇ ಕಟ್ಟಿದ್ದಲ್ವಾ?"

ಬೇರೆ ರೀತಿ ಉಡುವ ದಾರಿಯನ್ನು ನಿಮಗೆ ಯಾರು ಬಿಟ್ಟುಕೊಟ್ಟಿದ್ದರು ಅಕ್ಕ ಎಂದು ಈಗಾದರೆ ಕೇಳುತ್ತಿದ್ದೆ. ಆಗ ಹೊಳೆಯಲಿಲ್ಲ... ಕಟಪಾಡಿಯಲ್ಲಿ ಇಳಿದು ಶಂಕರಪುರದ ಬಸ್ಸು ಹಿಡಿದೆವು. ಮುಂದಿನ ಮಳೆಗಾಲದಲ್ಲಿ ಅಕ್ಕ ತೀರಿಕೊಂಡರು.

ಮೊನ್ನೆ ಕೊಂಡ ಲಂಗಕ್ಕೆ ಲಾಡಿ ತೆಗೆಸಿ, ಕಟ್ಟಿಕೊಳ್ಳಲು ಅಗಲವಾದ ಬಟ್ಟೆಯ ಪಟ್ಟಿ ಹೊಲಿಸಿದೆ. ಸಡಿಲ ಕಟ್ಟಬೇಕು, ದಿನಾ ಒಂದೇ ಕಡೆ ಕಟ್ಟಬಾರದು, ಅಲ್ಲಿ ಚರ್ಮ ಕಪ್ಪಾದರೆ, ಸಣ್ಣ ಗಾಯ ಮಾಯದಿದ್ದರೆ ತಕ್ಷಣ ಹೇಳಬೇಕು ಎಂದು ಅಮ್ಮನಿಗೆ ಹೇಳಿದೆ.

"ಆಯ್ತು ಮಾರಾಯ್ತಿ, ಭಾಷಣ ಸಾಕು."

ಅಮ್ಮ ಹೊಸ ಲಂಗ ಉಡಲು ಕೋಣೆಯ ಬಾಗಿಲು ಹಾಕಿಕೊಂಡರು. ಆಚೆಯಿಂದ, ಉಸಿರು ಎಳೆದು ಹಿಡಿದದ್ದು ನನಗೆ ಕೇಳಿಸಿತು.