ಅವ್ವ ವಯರ್ ಬಿತ್ತಿದಳು

ಗೆಳೆಯರೇ, ಇವತ್ತು ನಮ್ಮ ತೋಟದಲ್ಲಿ ಅತ್ತೆಗೂ ಅಳಿಯನಿಗೂ ಜಗಳವಾಯಿತು.

ಶಂಷಾಬಾದಿನಾಚೆ ನಮ್ಮದೊಂದು ಪೇರಲ ತೋಟವಿದೆ. ಬೋರ್‌ವೆಲ್ಲಿನ ವಯರ್ ಜೋತುಬಿದ್ದು, ಹೋದ ವಾರ ಎಮ್ಮೆಯ ಕೊಂಬಿಗೆ ಸಿಕ್ಕಿ ಹರಿಯಿತು. ಆಗ ಕರೆಂಟ್ ಹೋಗಿತ್ತು, ಅದಕ್ಕೇ ಎಮ್ಮೆ ಬದುಕಿತು. ವಯರನ್ನು ನೆಲದೊಳಗೆ ಹೂಳಲು, ಫ್ಯಾಕ್ಟರಿಯಿಂದ ನಿವೃತ್ತರಾದ ನಮ್ಮವರು ಸನತ್‌ನಗರದ ಮನೆಯಲ್ಲಿ ಕೂತು ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಸಾಧನವೊಂದನ್ನು ತಾವೇ ವೆಲ್ಡ್ ಮಾಡಿದರು. ಮುಂದೆ ನೆಲ ಸೀಳುವ ಕಬ್ಬಿಣದ ಹಲ್ಲು, ಹಿಂದೆ ಪೈಪು. ಮೇಲಿಂದ ಬಿಟ್ಟ ವಯರ್ ಪೈಪಿನೊಳಗೆ ಇಳಿದು ಸಾಲಿನ ತಳದಲ್ಲಿ ಮಲಗಬೇಕು.

ಇವತ್ತು ತೋಟಕ್ಕೆ ತಂದ ಅದನ್ನು ನೋಡಿದ್ದೇ ತಡ, ಅವ್ವ ಕುರ್ಚಿಯಿಂದೆದ್ದಳು. "ಇದು ಬಿತ್ತೋ ಕೂರಿಗಿ ಅಲ್ಲೇನ! ಸರೀರಿ, ವಯರ್ ನಾ ಬಿಡ್ತೀನಿ."

"ಅತ್ತಿ, ಇದು ಬೀಜ ಅಲ್ರಿ. ನೀವು ಬೀಳ್ತೀರಿ," ಎಂದರು ನಮ್ಮವರು.

"ಇಕಿ ಹೊಟ್ಟ್ಯಾಗಿದ್ದಾಗ ಹೊಲಾ ಬಿತ್ತೀನಿ. ಆವಾಗ ಬೀಳಲಿಲ್ಲ, ಈಗ ಬೀಳ್ತೀನೇನು?"

ಟ್ರ್ಯಾಕ್ಟರ್ ಹೊರಟಿತು. ಅವ್ವ ಸೆರಗು ಸಿಕ್ಕಿಸಿ, ವಯರ್ ಬಿಡುತ್ತ ಬರಿಗಾಲಲ್ಲಿ ಹಿಂದೆ ನಡೆದಳು. ಬಾಯಲ್ಲಿ ಬಿತ್ತನೆಯ ಹಾಡು. ಯಾದಗಿರಿಯ ಹೊಲದಲ್ಲಿ ಅಪ್ಪ ಎತ್ತು ಹೊಡೆಯುತ್ತಿದ್ದದ್ದು, ನಾನು ಬದುವಿನ ಮೇಲೆ ಬುತ್ತಿ ಕಾಯುತ್ತ ಕೂತಿದ್ದದ್ದು ನೆನಪಾಗಿ ಕಣ್ಣು ತುಂಬಿ ಬಂತು.

ಮೋಟರ್ ಹಾಕಿದೆವು, ನೀರು ಬಂತು. ನಮ್ಮವರು ಚಪ್ಪಾಳೆ ತಟ್ಟಿದರು. ಅವ್ವನಿಗೆ ಮಾತ್ರ ಸಿಟ್ಟು.

"ಒಂದ ಸಾಲಿಗೇ ಮುಗೀತು? ಇದಕ್ಕ ಇನ್ನೆರಡ ಹಲ್ಲು ಹಚ್ಚ್ರಿ, ಜ್ವಾಳ ಬಿತ್ತೂಣು."

"ಹೂಂ ಅತ್ತಿ, ಹಚ್ಚೋಣ್ರಿ," ಎಂದುಬಿಟ್ಟರು ಅಳಿಯ.

ತೋಟದ ತುಂಬ ಪೇರಲ ಗಿಡಗಳೇ; ಜೋಳ ಎಲ್ಲಿ ಬಿತ್ತುತ್ತಾರೋ ಎಂದು ಇಬ್ಬರನ್ನೂ ಕೇಳುವ ಧೈರ್ಯ ನನಗೆ ಬರಲಿಲ್ಲ.